ಲೇಸರ್ ದೃಷ್ಟಿ ಶಸ್ತ್ರಚಿಕಿತ್ಸೆಯ ನಂತರದ ಒಣಕಣ್ಣು ಮತ್ತು ಹನಿ ಔಷಧಗಳು

ಕನ್ನಡಕದ ಹಂಗು ತಪ್ಪಿಸಿಕೊಳ್ಳಲೆಂದು ಕಣ್ಣಿನ ಪಾರದರ್ಶಕ ಮುಂಭಾಗವಾದ ಕಾರ್ನಿಯಾವನ್ನು ಲೇಸರ್‌ನಿಂದ ತಿದ್ದಿಸಿಕೊಂಡವರಲ್ಲಿ ಕಣ್ಣೀರಿನ ಪದರ ಹದಗೆಟ್ಟು, ಉರಿ, ಚುಚ್ಚುವಿಕೆ, ಮಸುಕು ಕಾಣಿಸಿಕೊಳ್ಳುವ ಸ್ಥಿತಿ. ಲೇಸಿಕ್, ಪಿಆರ್‌ಕೆ, ಸ್ಮೈಲ್ ಈ ಮೂರೂ ಬಗೆಯ ಶಸ್ತ್ರಚಿಕಿತ್ಸೆಗಳ ನಂತರ ತೀರ ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮ ಇದು. ಹೆಚ್ಚಿನವರಲ್ಲಿ 6ರಿಂದ 12 ತಿಂಗಳೊಳಗೆ ತಾನಾಗಿ ತಗ್ಗುತ್ತದೆ; ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಚಿಕಿತ್ಸೆಯ ಮೊದಲ ಮೆಟ್ಟಿಲು ಕಣ್ಣಿಗೆ ಬಿಡುವ ಹನಿ, ಅಂದರೆ ಆಡುಮಾತಿನ ‘ಡ್ರಾಪ್ಸ್’. ಲೇಸರ್ ಕಡಿದ ನರಗಳನ್ನು ಮಾಮೂಲಿ ಹನಿಗಳು ಮರಳಿ ಬೆಳೆಸಲಾರವು. ನರಗಳು ತಾವಾಗಿ ಬೆಳೆಯುವವರೆಗೆ ಕಣ್ಣಿನ ಮೇಲ್ಮೈಯನ್ನು ಕಾಪಾಡುವುದು ಅವುಗಳ ಕೆಲಸ. ಯಾವ ಕಣ್ಣಿಗೆ ಯಾವ ಹನಿ ಎಂಬುದು ಆ ಕಣ್ಣಿನಲ್ಲಿ ಏನು ಕೊರತೆಯಾಗಿದೆ ಎಂಬುದನ್ನು ಅವಲಂಬಿಸಿದೆ.

ಕಣ್ಣೀರಿನ ಪದರ

ತೆರೆದ ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಕಣ್ಣೀರಿನ ಪದರದ ದಪ್ಪ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರರಷ್ಟು. ಇಷ್ಟು ತೆಳುವಾದ ಪದರದಲ್ಲೂ ಮೂರು ಅಂಶಗಳಿವೆ. ಮೇಲೆ ಎಣ್ಣೆಯ ಹೊದಿಕೆ. ರೆಪ್ಪೆಯಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು ಇದನ್ನು ಸುರಿಸುತ್ತವೆ. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಆ ಹೆಸರು. ನಡುವೆ ನೀರಿನ ಭಾಗ. ಕಣ್ಣಿನ ಹೊರಮೂಲೆಯ ಮೇಲ್ಗಡೆ ಇರುವ ಕಣ್ಣೀರಿನ ಗ್ರಂಥಿಯಿಂದ ಬರುವ ಇದರಲ್ಲಿ ಲವಣಗಳೂ ಸೋಂಕು ತಡೆಯುವ ಪ್ರೋಟೀನುಗಳೂ ಇರುತ್ತವೆ. ತಳದಲ್ಲಿ ಲೋಳೆ. ಬಿಳಿಗುಡ್ಡೆಯನ್ನು ಹೊದ್ದ ಪೊರೆಯಲ್ಲಿರುವ ಗಾಬ್ಲೆಟ್ ಕೋಶಗಳು ಇದನ್ನು ತಯಾರಿಸುತ್ತವೆ. ನೀರು ಕಾರ್ನಿಯಾಕ್ಕೆ ಅಂಟಿ ನಿಲ್ಲುವುದು ಇದರಿಂದಲೇ. ಎಣ್ಣೆ ಕಡಿಮೆಯಾದರೆ ನೀರು ಬೇಗ ಆವಿಯಾಗುತ್ತದೆ; ಲೋಳೆ ಕಡಿಮೆಯಾದರೆ ಎಣ್ಣೆ ಬಳಿದ ತಟ್ಟೆಯ ಮೇಲೆ ನೀರು ಬಿದ್ದಂತೆ ಅಲ್ಲಲ್ಲಿ ಮಣಿಗಟ್ಟುತ್ತದೆ.

ಈ ವ್ಯವಸ್ಥೆಯ ಕಾವಲುಗಾರ ಕಾರ್ನಿಯಾದ ನರಜಾಲ. ದೇಹದ ಅತಿ ಹೆಚ್ಚು ನರಸಾಂದ್ರತೆಯುಳ್ಳ ಭಾಗಗಳಲ್ಲಿ ಕಾರ್ನಿಯಾ ಒಂದು. ಐದನೆಯ ಕಪಾಲನರದ ಕವಲುಗಳು ಅಂಚಿನಿಂದ ಒಳಹೊಕ್ಕು, ಕವಲೊಡೆಯುತ್ತಾ ಮೇಲೇರಿ, ಹೊರಪದರದ ಅಡಿಯಲ್ಲಿ ಬಲೆಯಂತೆ ಹರಡುತ್ತವೆ. ಕಣ್ಣು ತುಸು ಒಣಗಿದರೂ ಈ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗ್ರಂಥಿಗೆ ‘ಸುರಿಸು’ ಎಂದೂ ರೆಪ್ಪೆಗೆ ‘ಮಿಟುಕು’ ಎಂದೂ ಆಜ್ಞೆ ಮರಳುತ್ತದೆ.

ಶಸ್ತ್ರಚಿಕಿತ್ಸೆಯ ಹಿನ್ನೆಲೆ

ಕಾರ್ನಿಯಾವನ್ನು ತಿದ್ದಿ ದೃಷ್ಟಿದೋಷ ನೀಗಿಸುವ ಕಲ್ಪನೆಗೆ ಅಡಿಪಾಯ ಹಾಕಿದವರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ನೆಲಸಿದ್ದ ಹೋಸೆ ಬರಾಕರ್ ಪ್ರಮುಖರು. ಲೇಸರ್ ಬಳಕೆಗೆ ಬಂದುದರಲ್ಲಿ ಭಾರತೀಯ ಮೂಲದ ವಿಜ್ಞಾನಿಯೊಬ್ಬರ ಪಾತ್ರ ದೊಡ್ಡದು. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರೊಂದನ್ನು ಪ್ರಯೋಗಾಲಯಕ್ಕೆ ತಂದು ಎಕ್ಸೈಮರ್ ಲೇಸರಿಗೆ ಒಡ್ಡಿದರು. 193 ನ್ಯಾನೊಮೀಟರ್ ತರಂಗಾಂತರದ ಆ ಕಿರಣ ಸುತ್ತಲಿನ ಅಂಗಾಂಶವನ್ನು ಸುಡದೆ ನುಣುಪಾಗಿ ಕೆತ್ತಿತು. ಈ ಕೆಲಸಕ್ಕಾಗಿ ಅವರಿಗೂ ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರಿಗೂ 2013ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪ್ರದಾನವಾಯಿತು. ನೇತ್ರತಜ್ಞ ಸ್ಟೀಫನ್ ಟ್ರೋಕಲ್ ಅವರೊಡನೆ ಸೇರಿ ಶ್ರೀನಿವಾಸನ್ 1983ರಲ್ಲಿ ಕಾರ್ನಿಯಾದ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು.

ಇದರಿಂದ ಮೊದಲು ಬೆಳೆದದ್ದು ಪಿಆರ್‌ಕೆ. ಇದರಲ್ಲಿ ಹೊರಪದರವನ್ನು ತೆಗೆದು ಅಡಿಯ ಕಾರ್ನಿಯಾವನ್ನು ನೇರವಾಗಿ ಕೆತ್ತುತ್ತಾರೆ. 1990ರ ಸುಮಾರಿಗೆ ಗ್ರೀಸಿನ ಕ್ರೀಟ್ ವಿಶ್ವವಿದ್ಯಾಲಯದ ಯೊಆನಿಸ್ ಪಾಲಿಕಾರಿಸ್ ಲೇಸಿಕ್ ವಿಧಾನವನ್ನು ರೂಪಿಸಿದರು. ಕಾರ್ನಿಯಾದ ಮೇಲ್ಭಾಗದಿಂದ ತೆಳುವಾದ ಫ್ಲ್ಯಾಪನ್ನು ಕೊಯ್ದು, ಒಂದು ಬದಿ ಕದದ ಕೀಲಿನಂತೆ ಅಂಟಿಕೊಂಡಿರಲು ಬಿಟ್ಟು, ಅದನ್ನೆತ್ತಿ ಅಡಿಯಲ್ಲಿ ಲೇಸರ್ ಹಾಯಿಸಿ ಮತ್ತೆ ಮುಚ್ಚುವ ವಿಧಾನವಿದು. 2011ರ ನಂತರ ಬಳಕೆಗೆ ಬಂದ ಸ್ಮೈಲ್‌ನಲ್ಲಿ ಫ್ಲ್ಯಾಪ್ ಇಲ್ಲ. ಕಾರ್ನಿಯಾದ ಒಳಗೇ ಫೆಮ್ಟೊಸೆಕೆಂಡ್ ಲೇಸರ್‌ನಿಂದ ಸಣ್ಣ ಬಿಲ್ಲೆಯೊಂದನ್ನು ಬಿಡಿಸಿ ಕಿರುಸೀಳಿನಿಂದ ಹೊರತೆಗೆಯುತ್ತಾರೆ.

ಕಣ್ಣು ಒಣಗುವುದೇಕೆ

ಮುಖ್ಯ ಕಾರಣ ನರಗಳ ಕಡಿತ. ಲೇಸಿಕ್‌ನಲ್ಲಿ 100ರಿಂದ 120 ಮೈಕ್ರಾನ್ ದಪ್ಪದ ಫ್ಲ್ಯಾಪಿಗಾಗಿ ಕಾರ್ನಿಯಾದ ಸುತ್ತ ಸುಮಾರು 20 ಮಿ.ಮೀ. ಉದ್ದ ಕೊಯ್ಯಬೇಕಾಗುತ್ತದೆ. ಅಂಚಿನಿಂದ ಒಳಬರುವ ನರಗಳು ಕೀಲಿನ ಭಾಗವೊಂದನ್ನು ಬಿಟ್ಟು ಉಳಿದೆಡೆ ತುಂಡಾಗುತ್ತವೆ. ಅಡಿಯಲ್ಲಿ ಹಾಯುವ ಲೇಸರ್ ಇನ್ನಷ್ಟನ್ನು ಆವಿಯಾಗಿಸುತ್ತದೆ. ಸ್ಮೈಲ್‌ನಲ್ಲಿ ಸೀಳು 2ರಿಂದ 4 ಮಿ.ಮೀ. ಮಾತ್ರವಾದ್ದರಿಂದ ಹೆಚ್ಚು ನರಗಳು ಉಳಿಯುತ್ತವೆ, ಮೊದಲ ತಿಂಗಳುಗಳ ಒಣಕಣ್ಣೂ ಸಾಮಾನ್ಯವಾಗಿ ಕಡಿಮೆ. ನರ ಕಡಿದಾಗ ಒಣಗಿದ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಗ್ರಂಥಿ ಕಡಿಮೆ ಸುರಿಸುತ್ತದೆ, ರೆಪ್ಪೆ ಕಡಿಮೆ ಮಿಟುಕುತ್ತದೆ. ನರಗಳಿಂದ ಹೊರಪದರಕ್ಕೆ ದೊರೆಯುತ್ತಿದ್ದ ಪೋಷಕಾಂಶಗಳೂ ನಿಲ್ಲುವುದರಿಂದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಸವೆತಗಳು ಏಳುತ್ತವೆ.

ಇತರ ಕಾರಣಗಳು ಇದಕ್ಕೆ ಕೂಡಿಕೊಳ್ಳುತ್ತವೆ. ಕಣ್ಣನ್ನು ಅಲುಗದಂತೆ ಹಿಡಿಯಲು ಹಾಕುವ ಹೀರುಬಳೆಯ ಒತ್ತಡಕ್ಕೆ ಗಾಬ್ಲೆಟ್ ಕೋಶಗಳು ಜಜ್ಜಿಹೋಗಿ ಲೋಳೆ ಕಡಿಮೆಯಾಗುತ್ತದೆ. ಕಾರ್ನಿಯಾದ ಉಬ್ಬು ಬದಲಾಗಿ ರೆಪ್ಪೆ ಕಣ್ಣೀರನ್ನು ಹರಡುವ ರೀತಿ ವ್ಯತ್ಯಾಸವಾಗುತ್ತದೆ. ಗಾಯ ಮಾಯುವ ಪ್ರಕ್ರಿಯೆಯೇ ಉರಿಯೂತವನ್ನು ತರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬಿಡುವ ಔಷಧಗಳಲ್ಲಿನ ಸಂರಕ್ಷಕ ರಾಸಾಯನಿಕಗಳೂ ಮೇಲ್ಮೈಯನ್ನು ಕೆರಳಿಸುತ್ತವೆ. ಹೆಚ್ಚಿನ ಪವರ್ ಇದ್ದವರಲ್ಲಿ ಲೇಸರ್ ಆಳಕ್ಕೆ ಹೋಗುವುದರಿಂದ ತೊಂದರೆಯೂ ಹೆಚ್ಚು. ಹೆಂಗಸರು, ಬಹುಕಾಲ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು, ಕಣ್ಣು, ಬಾಯಿಗಳನ್ನು ಒಣಗಿಸುವ ಶೋಗ್ರೆನ್ ಕಾಯಿಲೆಯಿರುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಅಲರ್ಜಿಗೆ ಆಂಟಿಹಿಸ್ಟಮಿನ್ ಸೇವಿಸುವವರು ಅಪಾಯದ ಗುಂಪಿನಲ್ಲಿದ್ದಾರೆ.

ಕಾರ್ನಿಯಾದ ಸ್ಪರ್ಶಜ್ಞಾನ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಮರಳುತ್ತದೆ. ನರಜಾಲದ ಸಾಂದ್ರತೆ ಮೊದಲಿನಷ್ಟಾಗಲು ವರ್ಷಗಳೇ ಬೇಕು.

ಲಕ್ಷಣಗಳು

ರೋಗಿಗಳ ಮಾತಿನಲ್ಲಿ ಹೇಳುವುದಾದರೆ ‘ಕಣ್ಣಲ್ಲಿ ಮರಳು ಬಿದ್ದಂಗೆ’, ‘ಖಾರ ಬಿದ್ದಂಗೆ’. ಬೆಳಗ್ಗೆ ಎದ್ದಾಗ ರೆಪ್ಪೆ ಕಣ್ಣಿಗೆ ಅಂಟಿಕೊಂಡಂತಾಗಿ ತೆರೆಯಲು ಕಷ್ಟ, ಸಂಜೆಯ ಹೊತ್ತಿಗೆ ಉರಿ. ಓದುತ್ತಿದ್ದಂತೆ ಅಕ್ಷರ ಮಸುಕಾಗಿ, ಕಣ್ಣು ಮಿಟುಕಿಸಿದ ಕೂಡಲೇ ತಿಳಿಯಾಗಿ, ಮತ್ತೆ ಮಸುಕಾಗುವುದು ಒಣಕಣ್ಣಿನ ನಿಚ್ಚಳ ಗುರುತು. ಪವರ್ ಸರಿಯಾಗಿ ತಿದ್ದಿಲ್ಲವೆಂದು ರೋಗಿ ಅನುಮಾನಿಸುವುದೂ ಉಂಟು, ದೋಷವಿರುವುದು ಕಣ್ಣೀರಿನಲ್ಲಿ.

ಕಣ್ಣಿನಲ್ಲಿ ಧಾರಾಕಾರವಾಗಿ ನೀರು ಬರುವುದೂ ಒಣಕಣ್ಣಿನ ಲಕ್ಷಣವಾಗಬಹುದು. ಕೆರಳಿದ ಮೇಲ್ಮೈಗೆ ಉತ್ತರವಾಗಿ ಗ್ರಂಥಿ ಒಮ್ಮೆಲೇ ಸುರಿಸುವ ನೀರಿನಲ್ಲಿ ಎಣ್ಣೆ, ಲೋಳೆಗಳ ಹದವಿರುವುದಿಲ್ಲ. ಅದು ನಿಲ್ಲದೆ ಕೆನ್ನೆಗಿಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯೂ ಇದೆ. ನರಗಳು ಮರಗಟ್ಟಿರುವುದರಿಂದ ಮೇಲ್ಮೈ ಸವೆದಿದ್ದರೂ ರೋಗಿಗೆ ಏನೂ ಅನಿಸದಿರಬಹುದು. ‘ನೋವಿಲ್ಲ’ ಎಂದು ಹನಿ ನಿಲ್ಲಿಸಬಾರದೆಂದು ವೈದ್ಯರು ಹೇಳುವುದು ಇದಕ್ಕೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು (ಎಫ್‌ಡಿಎ) ಇತರ ಸಂಸ್ಥೆಗಳೊಂದಿಗೆ ನಡೆಸಿದ ಪ್ರೌಲ್ ಅಧ್ಯಯನಗಳಲ್ಲಿ, ಲೇಸಿಕ್‌ಗೆ ಮೊದಲು ಒಣಕಣ್ಣಿನ ಲಕ್ಷಣವೇ ಇಲ್ಲದಿದ್ದವರ ಪೈಕಿ ಶೇ 30ರವರೆಗೆ ಮೂರು ತಿಂಗಳ ನಂತರ ಅಂಥ ಲಕ್ಷಣಗಳನ್ನು ವರದಿ ಮಾಡಿದರು.

ಪರೀಕ್ಷೆಗಳು

ಅತಿ ಹಳೆಯ ಪರೀಕ್ಷೆ ಜರ್ಮನಿಯ ಓಟೊ ಶಿರ್ಮರ್ 1903ರಲ್ಲಿ ಸೂಚಿಸಿದ್ದು. 5 ಮಿ.ಮೀ. ಅಗಲ, 35 ಮಿ.ಮೀ. ಉದ್ದದ ಸೋಸುಕಾಗದದ ಪಟ್ಟಿಯ ತುದಿಯನ್ನು ಮಡಚಿ, ಕೆಳರೆಪ್ಪೆಯ ಒಳಗೆ ಹೊರಮೂಲೆಯ ಕಡೆಗೆ ಸಿಕ್ಕಿಸುತ್ತಾರೆ. ಐದು ನಿಮಿಷ ಕಣ್ಣು ಮುಚ್ಚಿ ಕೂತಾಗ ಕಣ್ಣೀರು ಕಾಗದಗುಂಟ ಇಳಿಯುತ್ತದೆ. ಒದ್ದೆ 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಸಂದೇಹ, 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನೀರಿನ ಕೊರತೆ ಸ್ಪಷ್ಟ. ಎರಡನೆಯದು ಪದರ ಒಡೆಯುವ ಕಾಲದ ಪರೀಕ್ಷೆ. ಫ್ಲೋರೆಸಿನ್ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರೆ ಕಣ್ಣೀರು ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಬಡಿಯದೆ ಇದ್ದಾಗ ಆ ಹಸಿರಿನಲ್ಲಿ ಮೊದಲ ಕಪ್ಪು ಚುಕ್ಕೆ ಮೂಡುವವರೆಗಿನ ಸೆಕೆಂಡುಗಳನ್ನು ಎಣಿಸುತ್ತಾರೆ. 10 ಸೆಕೆಂಡಿಗೆ ಮೊದಲೇ ಒಡೆದರೆ ಪದರ ದುರ್ಬಲ. ಅದೇ ಬಣ್ಣ ಸವೆದ ಜಾಗಗಳಲ್ಲಿ ಹಿಡಿದು ನಿಂತು ಹಾನಿಯ ನಕ್ಷೆಯನ್ನೂ ಕೊಡುತ್ತದೆ. ಕಣ್ಣೀರಿನ ಲವಣಸಾಂದ್ರತೆಯ ಅಳತೆ, ಮೈಬೋಮಿಯನ್ ಗ್ರಂಥಿಗಳ ಚಿತ್ರಣ, ಲಕ್ಷಣಗಳನ್ನು ಅಳೆಯುವ 12 ಪ್ರಶ್ನೆಗಳ ಓಎಸ್‌ಡಿಐ ಪಟ್ಟಿ ಇನ್ನುಳಿದ ಸಾಧನಗಳು.

ಕೃತಕ ಕಣ್ಣೀರು

ಮೇಲ್ಮೈಗೆ ತೇವ ಕೊಟ್ಟು ರೆಪ್ಪೆಯ ಉಜ್ಜಾಟ ತಗ್ಗಿಸುವ ಹನಿಗಳಿಗೆ ಈ ಹೆಸರು. ಶಸ್ತ್ರಚಿಕಿತ್ಸೆಯಾದ ದಿನದಿಂದಲೇ ಇವನ್ನು ಶುರುಮಾಡುತ್ತಾರೆ. ಮೊದಲ ಕೆಲವು ದಿನ ಗಂಟೆಗೋ ಎರಡು ಗಂಟೆಗೋ ಒಮ್ಮೆ, ಆಮೇಲೆ ದಿನಕ್ಕೆ ನಾಲ್ಕಾರು ಬಾರಿ, ಹೀಗೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಯುತ್ತದೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಔಷಧದಂಗಡಿಗಳಲ್ಲಿ ಇದು ‘ಸಿಎಂಸಿ’. ಶೇ 0.5ರ ದ್ರಾವಣ ಹಗಲಿಗೆ, ಶೇ 1ರದ್ದು ಹೆಚ್ಚು ಒಣಗಿದ ಕಣ್ಣಿಗೆ. ಸೋಡಿಯಂ ಹ್ಯಾಲುರೊನೇಟ್ ಇನ್ನೊಂದು. ಇದರ ಮೂಲವಾದ ಹ್ಯಾಲುರೊನಿಕ್ ಆಮ್ಲವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ದ್ರವದಿಂದಲೇ ಮೊದಲು ಬೇರ್ಪಡಿಸಿದ್ದರು. ರೆಪ್ಪೆ ಉಜ್ಜಿದಾಗ ತೆಳುವಾಗಿ ಹರಡಿಕೊಂಡು, ಕಣ್ಣು ತೆರೆದಿರುವಾಗ ಮತ್ತೆ ಮಂದವಾಗುವ ಗುಣ ಇದಕ್ಕಿದೆ. ಹಾಗಾಗಿ ಮಸುಕು ಮಾಡದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಹನಿಗಳಲ್ಲಿ ಗೋರಿಕಾಯಿ ಜಾತಿಯ ಗ್ವಾರ್ ಬೀಜದ ಅಂಟಿನಿಂದ ಮಾರ್ಪಡಿಸಿದ ಎಚ್‌ಪಿ-ಗ್ವಾರ್ ಇರುತ್ತದೆ. ಕಣ್ಣೀರಿಗೆ ತಾಗಿದಾಗ ಅದು ತೆಳು ಜೆಲ್ಲಿಯಾಗುತ್ತದೆ.

ಎಣ್ಣೆಯ ಹೊದಿಕೆ ಕಡಿಮೆಯಿದ್ದವರಿಗೆ ಬರಿಯ ನೀರಿನಂಶದ ಹನಿ ಸಾಲದು. ಹರಳೆಣ್ಣೆ ಅಥವಾ ಮಿನರಲ್ ಎಣ್ಣೆಯನ್ನು ಸೂಕ್ಷ್ಮ ಕಣಗಳಾಗಿ ಬೆರೆಸಿದ ಹನಿಗಳು ಇಂಥವರಿಗೆಂದೇ ಇವೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಪರ್‌ಫ್ಲೂರೊಹೆಕ್ಸಿಲ್‌ಆಕ್ಟೇನ್ ಹನಿಯಲ್ಲಿ ನೀರೇ ಇಲ್ಲ. ಕಣ್ಣೀರಿನ ಮೇಲೆ ಹರಡಿ ಆವಿಯಾಗುವಿಕೆಯನ್ನು ತಡೆಯುತ್ತದೆ. ಮಂದವಾದ ಜೆಲ್, ಮುಲಾಮುಗಳು ಹೆಚ್ಚು ಹೊತ್ತು ಉಳಿಯುತ್ತವಾದರೂ ದೃಷ್ಟಿಯನ್ನು ಮಬ್ಬಾಗಿಸುವುದರಿಂದ ರಾತ್ರಿ ಮಲಗುವ ಮುನ್ನ ಬಳಕೆ. ಲೇಸಿಕ್ ಆದ ಹೊಸತರಲ್ಲಿ ಮುಲಾಮನ್ನು ವೈದ್ಯರು ಹೇಳದೆ ಹಾಕಬಾರದು.

ಸಂರಕ್ಷಕಗಳ ಪ್ರಶ್ನೆ

ತೆರೆದ ಬಾಟಲಿಯಲ್ಲಿ ಸೂಕ್ಷ್ಮಜೀವಿ ಬೆಳೆಯದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಒಂದು ಬಗೆಯ ಮಾರ್ಜಕ. ಪಾತ್ರೆಯ ಜಿಡ್ಡನ್ನು ಸಾಬೂನು ಬಿಡಿಸುವಂತೆ ಇದು ಕಣ್ಣೀರಿನ ಎಣ್ಣೆಪದರವನ್ನು ಒಡೆಯುತ್ತದೆ, ಪದೇ ಪದೇ ಬಿಟ್ಟರೆ ಹೊರಪದರದ ಕೋಶಗಳನ್ನೂ ಗಾಬ್ಲೆಟ್ ಕೋಶಗಳನ್ನೂ ಹಾಳುಮಾಡುತ್ತದೆ. ಒಣಗಿದ ಕಣ್ಣಿಗೆಂದು ಬಿಟ್ಟ ಹನಿಯೇ ಕಣ್ಣನ್ನು ಒಣಗಿಸುವುದು ಹೀಗೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬೇಕಾದವರಿಗೆ, ಅದರಲ್ಲೂ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಸಂರಕ್ಷಕವಿಲ್ಲದ ಹನಿಗಳನ್ನು ಸೂಚಿಸುತ್ತಾರೆ. ಕತ್ತು ತಿರುಚಿ ತೆರೆಯುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಅಥವಾ ಗಾಳಿಯನ್ನು ಸೋಸುವ ವಿಶೇಷ ಬಾಟಲಿಗಳಲ್ಲಿ ಇವು ಸಿಗುತ್ತವೆ, ಬೆಲೆ ಹೆಚ್ಚು. ಆಕ್ಸಿಕ್ಲೋರೊ ಸಂಯುಕ್ತ, ಸೋಡಿಯಂ ಪರ್ಬೋರೇಟ್‌ನಂಥ ಮೃದು ಸಂರಕ್ಷಕಗಳು ನಡುವಣ ದಾರಿ.

ಉರಿಯೂತ ತಗ್ಗಿಸುವ ಹನಿಗಳು

ಲವಣ ಹೆಚ್ಚಾದ ಕಣ್ಣೀರು ಉರಿಯೂತವನ್ನು ತರುತ್ತದೆ, ಉರಿಯೂತ ಕಣ್ಣೀರನ್ನು ಮತ್ತಷ್ಟು ಕೆಡಿಸುತ್ತದೆ. ಈ ಸುಳಿಯನ್ನು ಕೃತಕ ಕಣ್ಣೀರೊಂದೇ ಮುರಿಯದಿದ್ದಾಗ ಎರಡನೆಯ ಹಂತದ ಔಷಧಗಳು ಬರುತ್ತವೆ.

ಸ್ಟೀರಾಯ್ಡ್ ಹನಿಗಳು ಬೇಗ ಆರಾಮ ಕೊಡುತ್ತವೆ. ಉರಿಯೂತ ತಡೆಯಲೆಂದು ಶಸ್ತ್ರಚಿಕಿತ್ಸೆಯ ನಂತರ ಹೇಗೂ ಇವನ್ನು ಕೆಲ ದಿನ ಬಿಡುತ್ತಾರೆ. ಒಣಕಣ್ಣಿಗೆ ಲೋಟೆಪ್ರೆಡ್ನಾಲ್, ಫ್ಲೋರೋಮೆಥೊಲೋನ್‌ನಂಥ ಸೌಮ್ಯ ಬಗೆಗಳನ್ನು ಅಲ್ಪಕಾಲಕ್ಕೆ ಕೊಡುವುದುಂಟು. ದೀರ್ಘಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಕಣ್ಣಿನ ಪೊರೆ ಬರಬಹುದು. ಲೇಸರ್ ಆದವರಲ್ಲಿ ಇನ್ನೊಂದು ತೊಡಕಿದೆ: ಕಾರ್ನಿಯಾ ತೆಳುವಾಗಿರುವುದರಿಂದ ಒತ್ತಡಮಾಪಕ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ, ಏರಿದ ಒತ್ತಡ ಕಣ್ತಪ್ಪಬಹುದು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಮುಂದುವರಿಸುವುದು ಈ ಕಾರಣಕ್ಕೆ ಅಪಾಯಕರ.

ದೀರ್ಘಾವಧಿಗೆ ಸೈಕ್ಲೋಸ್ಪೋರಿನ್. ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ ದೊರೆತ ಈ ಔಷಧ ಮೊದಲು ಅಂಗಾಂಗ ಕಸಿಯಲ್ಲಿ ಹೆಸರಾಯಿತು, ಶೇ 0.05ರ ಹನಿಗೆ 2002ರಲ್ಲಿ ಎಫ್‌ಡಿಎ ಒಪ್ಪಿಗೆ ದೊರೆಯಿತು. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳ ಚಟುವಟಿಕೆಯನ್ನು ಅಡಗಿಸಿ ಗ್ರಂಥಿಗೆ ಚೇತರಿಕೆ ಕೊಡುತ್ತದೆ. ದಿನಕ್ಕೆ ಎರಡು ಬಾರಿ ಬಿಡಬೇಕು, ಪರಿಣಾಮ ಕಾಣಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಬಿಟ್ಟ ಕೂಡಲೇ ಉರಿಯುವುದರಿಂದ ‘ಔಷಧ ಹಿಡಿಸಲಿಲ್ಲ’ ಎಂದು ಮೊದಲ ವಾರದಲ್ಲೇ ಕೈಬಿಡುವವರಿದ್ದಾರೆ. 2016ರಲ್ಲಿ ಒಪ್ಪಿಗೆ ಪಡೆದ ಶೇ 5ರ ಲಿಫಿಟೆಗ್ರಾಸ್ಟ್ ಬೇರೆ ದಾರಿಯಿಂದ ಟಿ-ಕೋಶಗಳನ್ನು ತಡೆಯುತ್ತದೆ. ಬಾಯಲ್ಲಿ ವಿಚಿತ್ರ ರುಚಿ ಬರುವುದು ಇದರ ಪರಿಚಿತ ಅಡ್ಡಪರಿಣಾಮ.

ಸ್ರಾವ ಹೆಚ್ಚಿಸುವ ಔಷಧಗಳು ಮತ್ತು ರಕ್ತಸಾರದ ಹನಿ

ಜಪಾನಿನಲ್ಲಿ 2010ರಿಂದ ಶೇ 3ರ ಡಿಕ್ವಾಫೊಸಾಲ್, 2012ರಿಂದ ಶೇ 2ರ ರೆಬಮಿಪೈಡ್ ಹನಿಗಳು ಬಳಕೆಯಲ್ಲಿವೆ. ಮೊದಲನೆಯದು ನೀರು, ಲೋಳೆ ಎರಡನ್ನೂ ಹೆಚ್ಚಿಸುತ್ತದೆ. ಎರಡನೆಯದು ಮುಖ್ಯವಾಗಿ ಲೋಳೆಯನ್ನು. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆಯಾದ ವರೆನಿಕ್ಲಿನ್ ಕಣ್ಣಿಗೆ ಬಿಡುವಂಥದಲ್ಲ, ಮೂಗಿಗೆ ಸಿಂಪಡಿಸುವಂಥದು. ಮೂಗಿನೊಳಗಿನ ಐದನೆಯ ಕಪಾಲನರದ ಕವಲನ್ನು ಕೆರಳಿಸಿ ಕಣ್ಣೀರು ತರಿಸುತ್ತದೆ. ಕಾರ್ನಿಯಾದ ದಾರಿ ಕಡಿದುಹೋದವರಿಗೆ ಮೂಗಿನ ಬಳಸುದಾರಿ ಇದು.

ಯಾವುದಕ್ಕೂ ಬಗ್ಗದ ಒಣಕಣ್ಣಿಗೆ ರೋಗಿಯ ರಕ್ತದಿಂದಲೇ ಹನಿ ತಯಾರಿಸುತ್ತಾರೆ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಹಳದಿ ಸಾರವನ್ನು ಸಲೈನಿನಲ್ಲಿ ಸಾಮಾನ್ಯವಾಗಿ ಶೇ 20ಕ್ಕೆ ತೆಳುಗೊಳಿಸುತ್ತಾರೆ. ಕಣ್ಣೀರಿನಲ್ಲಿರುವಂತೆಯೇ ವಿಟಮಿನ್ ಎ, ಹೊರಪದರದ ಬೆಳವಣಿಗೆಗೆ ಬೇಕಾದ ಅಂಶಗಳು, ನರವರ್ಧಕ ಅಂಶ ಇದರಲ್ಲಿವೆ. ಸಂರಕ್ಷಕ ಇಲ್ಲದ್ದರಿಂದ ಸದಾ ತಂಪಿನಲ್ಲಿಡಬೇಕು, ಸೋಂಕಿನ ಎಚ್ಚರ ಬೇಕು. ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಆ ನರವರ್ಧಕ ಅಂಶವನ್ನೇ ಔಷಧವಾಗಿಸಿದ ಸೆನೆಗರ್ಮಿನ್ ಹನಿಗೆ 2018ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಆದರೆ ಅದು ನರಪೋಷಣೆ ತಪ್ಪಿ ಕಾರ್ನಿಯಾ ಹುಣ್ಣಾಗುವ ಕಾಯಿಲೆಗಾಗಿ, ಮಾಮೂಲಿ ಒಣಕಣ್ಣಿಗಲ್ಲ.

ಹನಿ ಬಿಡುವ ಬಗೆ

ಬಾಟಲಿಯಿಂದ ಬೀಳುವ ಒಂದು ಹನಿಯ ಗಾತ್ರವೇ ಕಣ್ಣು ಹಿಡಿಯಬಲ್ಲದ್ದಕ್ಕಿಂತ ಹೆಚ್ಚು. ಎರಡನೆಯ ಹನಿ ಬಿಟ್ಟರೆ ಕೆನ್ನೆಗೇ ಹೋಗುತ್ತದೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದಾಗ ಪುಟ್ಟ ಜೋಳಿಗೆಯಾಗುತ್ತದೆ. ಹನಿ ಬೀಳಬೇಕಾದ್ದು ಅದರೊಳಗೆ. ಬಾಟಲಿಯ ಮೂತಿ ರೆಪ್ಪೆಗಾಗಲಿ ಎವೆಗಾಗಲಿ ತಾಗಕೂಡದು. ಆಮೇಲೆ ಕಣ್ಣನ್ನು ಹಿಂಡದೆ ಹಗುರಾಗಿ ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿದರೆ ಔಷಧ ಮೂಗಿಗೆ ಇಳಿದುಹೋಗುವುದಿಲ್ಲ. ಲೇಸಿಕ್ ಆದ ಹೊಸತರಲ್ಲಿ ಒತ್ತುವುದೂ ಬೇಡ, ಉಜ್ಜುವುದಂತೂ ಬೇಡವೇ ಬೇಡ, ಫ್ಲ್ಯಾಪ್ ಜರುಗಬಹುದು. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಅಂತರವಿರಲಿ. ತೆಳುವಾದದ್ದು ಮೊದಲು, ಜೆಲ್ ಕೊನೆಗೆ.

ಶುಚಿತ್ವದ ಬೆಲೆ ಏನೆಂದು 2023ರಲ್ಲಿ ಅಮೆರಿಕದ ಘಟನೆಯೊಂದು ತೋರಿಸಿತು. ಭಾರತದಲ್ಲಿ ತಯಾರಾಗಿ ಅಲ್ಲಿ ಮಾರಾಟವಾದ ಕೃತಕ ಕಣ್ಣೀರಿಗೆ ನಂಟಿದ್ದ, ಔಷಧಗಳಿಗೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೋಂಕು 18 ರಾಜ್ಯಗಳ 81 ಜನರಲ್ಲಿ ಪತ್ತೆಯಾಯಿತು. ನಾಲ್ವರು ಸತ್ತರು, 14 ಜನ ದೃಷ್ಟಿ ಕಳೆದುಕೊಂಡರು. ಮನೆಯಲ್ಲೂ ಇದೇ ಎಚ್ಚರ ಬೇಕು: ಸಂರಕ್ಷಕವಿಲ್ಲದ ಪುಟ್ಟ ಕೊಳವೆಯನ್ನು ‘ಇನ್ನೂ ಉಳಿದಿದೆ’ ಎಂದು ಮರುದಿನಕ್ಕೆ ಎತ್ತಿಡಬಾರದು.

ಕೆಂಪು ಕಳೆಯುವುದಕ್ಕೆಂದು ಮಾರುವ ನಾಫಜೋಲಿನ್‌ನಂಥ ಹನಿಗಳು ರಕ್ತನಾಳಗಳನ್ನು ಕುಗ್ಗಿಸುತ್ತವಷ್ಟೇ. ಬಳಕೆ ನಿಲ್ಲಿಸಿದ ಮೇಲೆ ಕೆಂಪು ಇಮ್ಮಡಿಸುತ್ತದೆ. ಕಣ್ಣಿನ ತಂಪಿಗೆಂದು ನಂದಿಬಟ್ಟಲು ಹೂವನ್ನು ರೆಪ್ಪೆಯ ಮೇಲಿಡುವುದು, ಎಣ್ಣೆ ಬಿಡುವುದು ನಮ್ಮ ಮನೆಗಳ ರೂಢಿ. ಹೊಸ ಗಾಯವಿರುವ ಕಣ್ಣಿಗೆ ಇವು ಸೋಂಕಿನ ದಾರಿಯಾಗುತ್ತವೆ.

ಹನಿಯ ಆಚೆಗೆ

ಹನಿ ಉಳಿಯುವಂತೆ ಮಾಡುವುದೂ ಚಿಕಿತ್ಸೆಯೇ. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ರಂಧ್ರಗಳಿಗೆ ಕೊಲಾಜೆನ್ ಅಥವಾ ಸಿಲಿಕೋನ್ ಬೂಚು ಹಾಕುತ್ತಾರೆ. ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡಿದ್ದರೆ ಬೆಚ್ಚನೆ ಕಾವು, ರೆಪ್ಪೆಯಂಚಿನ ಶುದ್ಧಿ ಬೇಕು. ಕಾವು ಕೊಡುವುದನ್ನು ಗಾಯ ಮಾದ ಮೇಲೆ ವೈದ್ಯರ ಒಪ್ಪಿಗೆಯಿಂದ ಶುರುಮಾಡಬೇಕು. ನಿಮಿಷಕ್ಕೆ 15ರಿಂದ 20 ಬಾರಿ ಬಡಿಯುವ ರೆಪ್ಪೆ ಕಂಪ್ಯೂಟರಿನ ಮುಂದೆ ಅದರ ಅರ್ಧಕ್ಕೂ ಕಡಿಮೆ ಬಡಿಯುತ್ತದೆ. ಎಸಿ ಗಾಳಿ ನೇರ ಮುಖಕ್ಕೆ ಬೀಸುವ ಕಚೇರಿಯಲ್ಲಿ ಪರದೆ ನೋಡಿಕೊಂಡು ಕೂರುವ ಬೆಂಗಳೂರಿನ ಉದ್ಯೋಗಿಗೆ ಕುರ್ಚಿ ಸರಿಸುವುದೂ ಬೇಕೆಂದೇ ಪೂರ್ತಿ ರೆಪ್ಪೆ ಮುಚ್ಚಿ ತೆರೆಯುವುದೂ ಹನಿಯಷ್ಟೇ ಮುಖ್ಯ.

ಮೇಲ್ಮೈ ಪರೀಕ್ಷೆಯಲ್ಲಿ ಸವೆತವೇ ಕಾಣದಿದ್ದರೂ ತೀವ್ರ ನೋವು ತಿಂಗಳುಗಟ್ಟಲೆ ಉಳಿದರೆ ತಪ್ಪಾಗಿ ಮರುಬೆಳೆದ ನರಗಳ ನೋವನ್ನು ಶಂಕಿಸುತ್ತಾರೆ. ಆಸ್ಪತ್ರೆಯಲ್ಲಿ ಅರಿವಳಿಕೆ ಹನಿ ಬಿಟ್ಟಾಗ ನೋವು ಹೋದರೆ ಮೂಲ ಕಾರ್ನಿಯಾದಲ್ಲಿದೆ, ಹೋಗದಿದ್ದರೆ ಆಚೆಗಿನ ನರವ್ಯವಸ್ಥೆಯಲ್ಲಿ. ಇದಕ್ಕೆ ರಕ್ತಸಾರದ ಹನಿಯೂ ನರಗಳ ಮೇಲೆ ಕೆಲಸ ಮಾಡುವ ಮಾತ್ರೆಗಳೂ ಬೇಕಾಗುತ್ತವೆ. ಅರಿವಳಿಕೆ ಹನಿಯನ್ನು ಮನೆಯಲ್ಲಿ ಬಳಸಿದರೆ ಕಾರ್ನಿಯಾ ಕರಗುವ ಅಪಾಯವಿದೆ.

ಮುಂಜಾಗ್ರತೆ

ಶಸ್ತ್ರಚಿಕಿತ್ಸೆಗೆ ಮೊದಲೇ ಇದ್ದ ಒಣಕಣ್ಣು ಆನಂತರದ ಒಣಕಣ್ಣಿಗೆ ಅತಿ ದೊಡ್ಡ ಮುನ್ಸೂಚನೆ. ಕಾಂಟ್ಯಾಕ್ಟ್ ಲೆನ್ಸಿನಿಂದ ಕಣ್ಣುರಿ ಬಂದು ಬೇಸತ್ತವರು ಲೇಸರ್ ಕೇಳಿಕೊಂಡು ಬರುವವರಲ್ಲಿ ಹಲವರಿರುವುದರಿಂದ ಈ ಮಾತಿಗೆ ತೂಕವಿದೆ. ಒಣಗಿದ ಮೇಲ್ಮೈ ಅಳತೆಗಳನ್ನೂ ತಪ್ಪಿಸುತ್ತದೆ; ತಪ್ಪು ಅಳತೆಯ ಮೇಲೆ ಲೇಸರ್ ಹಾಯಿಸಿದರೆ ಪವರ್ ಉಳಿದುಬಿಡುತ್ತದೆ. ಆದ್ದರಿಂದ ಮೊದಲು ಒಣಕಣ್ಣನ್ನು ಹದಕ್ಕೆ ತಂದು, ಅಳತೆ ಮತ್ತೆ ತೆಗೆದು, ಆಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಒಪ್ಪಿತ ಕ್ರಮ. ಹದಕ್ಕೆ ಬರದವರಿಗೆ ಬೇಡವೆನ್ನುವುದೂ ಉಂಟು. ಹನಿ ಬಿಡುತ್ತಿದ್ದರೂ ನೋವು ಏರುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ಪಿಸುರು ಕಟ್ಟಿ ದೃಷ್ಟಿ ಇಳಿಯುತ್ತಿದ್ದರೆ ಅದು ಒಣಕಣ್ಣಿನ ಹದ್ದು ಮೀರಿದ ಲಕ್ಷಣ. ಇನ್ನೊಂದು ಬಾಟಲಿ ಕೊಳ್ಳದೆ ಅದೇ ದಿನ ನೇತ್ರವೈದ್ಯರಿಗೆ ತೋರಿಸಬೇಕು.